ಹಳೇ ರೈಫಲ್ಲಿಗೆ ಗುರಿ ಕೂಡಿಸುವುದು ಲೇತ್ ಅಂಗಡಿ ಕೆಲಸವಲ್ಲ!

ಟಿ. ನರಸೀಪುರ ಬಸ್ ನಿಲ್ದಾಣ. ಸಂಜೆ ನಂಜನಗೂಡು ಬಸ್ಸಿಗೆ ಕಾಯುತ್ತಿದ್ದವರ ನಡುವೆ ಒಬ್ಬರು ಉದ್ದನೆಯ ಕ್ಯಾನ್ವಾಸ್ ಚೀಲ ತಬ್ಬಿಕೊಂಡು ನಿಂತಿದ್ದರು. ಐವತ್ತೈದು ದಾಟಿದ ವಯಸ್ಸು. ಬಿಳಿ ಪಂಚೆ, ಹೆಗಲ ಮೇಲೆ ಹಸಿರು ಟವೆಲ್.

"ಏನ್ ಯಜಮಾನ್ರೇ, ಕಬ್ಬಿನ ಜಲ್ಲೆನಾ?" ಅಂತ ಹಣ್ಣಿನ ಗಾಡಿಯವನು ರೇಗಿಸಿದ.

"ಕಬ್ಬಲ್ಲ ಕಣಪ್ಪ, ಕಬ್ಬು ಕಾಯೋ ಕೋವಿ."

ಸುತ್ತ ನಿಂತಿದ್ದವರೆಲ್ಲ ಎರಡು ಹೆಜ್ಜೆ ಹಿಂದಕ್ಕೆ!

ಯಜಮಾನರು ನಕ್ಕು ಜೇಬಿನಿಂದ ಪ್ಲಾಸ್ಟಿಕ್ ಕವರು ತೆಗೆದು ಲೈಸೆನ್ಸು ತೋರಿಸಿದರು. ತೋಟಾ ತಂದಿಲ್ಲ, ಹೆದರಬೇಡಿ ಅಂದರು. ಪಕ್ಕದಲ್ಲಿ ಸೀಟು ಹಿಡಿದು ನಾನೇ ಮಾತಿಗೆಳೆದೆ. ತಾತನ ಕಾಲದ ರೈಫಲ್ಲು. "ನಮ್ ತಾತ ಹೊಡುದ್ರೆ ತೆಂಗಿನಕಾಯಿ ತೊಟ್ಟು ಕಳಚ್ಕೊಳ್ತಿತ್ತಂತೆ. ನಾನ್ ಹೊಡುದ್ರೆ ತೆಂಗಿನಮರಾನೂ ಸಿಕ್ಕಾಕಿಲ್ಲ ಸ್ವಾಮಿ" ಅಂತ ಅವರ ಅಳಲು. ನಳಿಗೆಗೆ ಸೊಟ್ಟ ಬಂದಿದೆ, ನಂಜನಗೂಡಿನಲ್ಲಿ ಯಾರೋ ಲೇತಿನವರು ನೆಟ್ಟಗೆ ಮಾಡಿ, ಮುಂದೆ ಹೊಸ ಗುರಿಮಣಿ ವೆಲ್ಡಿಂಗ್ ಹೊಡೆದು ಕೊಡುತ್ತಾರೆ ಅಂತ ಊರಿನ ಒಬ್ಬ ಬುದ್ಧಿವಂತ ಹೇಳಿ ಕಳಿಸಿದ್ದ.

ಅಷ್ಟು ಅವಸರ ಏನು ಅಂದೆ. "ಚಿರತೆ ತಿರುಗಾಡ್ತಾದೆ ಅಂತಾರೆ. ಮನೇಲಿ ಮೊಮ್ಮಕ್ಕಳವೆ" ಅಂದರು. ಆಮೇಲೆ ನಾನು ನಗಲಿಲ್ಲ.

ಆ ಮೂರು ತಿಂಗಳು

ಟಿ. ನರಸೀಪುರ ತಾಲ್ಲೂಕಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2022ರ ಅಕ್ಟೋಬರ್ 31ರಂದು ಉಕ್ಕಲಗೆರೆಯ ಮಲ್ಲಪ್ಪನ ಬೆಟ್ಟದ ಹತ್ತಿರ ಓದುವ ಹುಡುಗನೊಬ್ಬ ಚಿರತೆಗೆ ಬಲಿಯಾದ. ಡಿಸೆಂಬರ್ 1ರಂದು ಕೆಬ್ಬೇಹುಂಡಿಯಲ್ಲಿ ಕಾಲೇಜು ಹುಡುಗಿ ಮನೆಯ ಹತ್ತಿರವೇ ಪ್ರಾಣ ಬಿಟ್ಟಳು. 2023ರ ಜನವರಿ ಮೂರನೇ ವಾರದಲ್ಲಿ ಕನ್ನಾಯಕನಹಳ್ಳಿಯ ವೃದ್ಧೆ, ಅದರ ಬೆನ್ನಿಗೇ ಹೊರಳಹಳ್ಳಿಯ ಹನ್ನೊಂದು ವರ್ಷದ ಬಾಲಕ. ಮೂರು ತಿಂಗಳೊಳಗೆ ನಾಲ್ಕು ಹೆಣ. ಸಂಜೆ ಆರಕ್ಕೇ ಊರೂರಲ್ಲಿ ಬಾಗಿಲು ಬಿದ್ದವು. ಕಂಡಲ್ಲಿ ಗುಂಡಿಕ್ಕುವ ಅಪ್ಪಣೆಯೂ ಆಯಿತು, ಚಿರತೆ ಕಾರ್ಯಪಡೆಯೂ ಬಂತು. ಆದರೆ ಆ ಅಪ್ಪಣೆ ಇಲಾಖೆಯವರ ಕೈಗೆ. ನಿಮ್ಮ ನಮ್ಮ ಕೈಗಲ್ಲ!

ನಂಜನಗೂಡು ಕಡೆಯೂ ನೆಮ್ಮದಿಯಿಲ್ಲ. ಹೆಡಿಯಾಲ ಸೀಮೆಗೆ ಬಂಡೀಪುರದ ಕಾಡು ಹಿತ್ತಲು. 2023ರ ನವೆಂಬರ್ 24ರಂದು ಬಳ್ಳೂರುಹುಂಡಿಯಲ್ಲಿ ದನ ಮೇಯಿಸುತ್ತಿದ್ದ ಹೆಂಗಸನ್ನು ಹುಲಿ ಕೊಂದಿತು. ನಾಲ್ಕೈದು ದಿನದಲ್ಲಿ ಅರಿವಳಿಕೆ ಮದ್ದು ಹೊಡೆದು ಆ ಹುಲಿಯನ್ನು ಹಿಡಿದರು. ಅದೂ ಕೋವಿಯೇ, ಅಲ್ಲಿಯೂ ಬೇಕಾದದ್ದು ಗುರಿಯೇ.

ಇಂಥ ಸುದ್ದಿ ಬಂದಾಗಲೆಲ್ಲ ಅಟ್ಟದ ಮೇಲಿನ ಹಳೇ ಕೋವಿ ಕೆಳಗಿಳಿಯುತ್ತದೆ. ಇಳಿಸಿದವರಿಗೆ ಅದರ ಗುಂಡು ಎಲ್ಲಿಗೆ ಹೋಗುತ್ತದೆ ಅನ್ನುವುದೇ ಗೊತ್ತಿರುವುದಿಲ್ಲ. ಭಯ ಬೀಳಬೇಕಾದ್ದು ಇಲ್ಲಿ. ಪೂರ್ತಿ ತಪ್ಪಿದ ಗುಂಡು ಒಂದೂವರೆ ಮೈಲಿಗೂ ಆಚೆ ಹೋಗಿ ಬೀಳಬಲ್ಲದು. ಆ ದಾರಿಯಲ್ಲಿ ಗದ್ದೆಗೆ ನೀರು ಕಟ್ಟುವವರಿರುತ್ತಾರೆ. ಅರ್ಧ ತಪ್ಪಿದ ಗುಂಡು ಇನ್ನೂ ಕೆಟ್ಟದ್ದು. ಗಾಯಗೊಂಡ ಚಿರತೆ ಕಬ್ಬಿನೊಳಗೆ ಹೊಕ್ಕರೆ ಮಾರನೇ ದಿನ ಕಬ್ಬು ಕಡಿಯಲು ಹೋಗುವವರ ಗತಿಯೇನು?

ಸರ್ಕಾರದ ಕೈ, ಬರೀ ಕೈ

ಯಜಮಾನರನ್ನು ಲೇತ್ ಅಂಗಡಿಗೆ ಬಿಡದೆ ನಂಜನಗೂಡಿನಲ್ಲಿ ನನಗೆ ಪರಿಚಯದ ಹಿರಿಯರೊಬ್ಬರ ಮನೆಗೆ ಕರೆದುಕೊಂಡು ಹೋದೆ. ಮೀಸಲು ಪೊಲೀಸಿನಲ್ಲಿ ಆರ್ಮರರ್ ಆಗಿದ್ದು ನಿವೃತ್ತರಾದವರು. ಸರ್ಕಾರಿ ಬಂದೂಕುಗಳ ಡಾಕ್ಟರು ಅನ್ನಿ. ಬೀದಿಯವರ ಬಾಯಲ್ಲಿ ಆರ್ಮರ್ ಸಾಹೇಬರು.

ಚೀಲ ಬಿಚ್ಚಿದ ಕೂಡಲೇ ಸಾಹೇಬರು ಕೈ ಹಿಂದಕ್ಕೆ ಕಟ್ಟಿಕೊಂಡರು. "ನೋಡ್ತೀನಿ, ಮುಟ್ಟಾಕಿಲ್ಲ. ಡ್ಯೂಟೀಲಿದ್ದಾಗ ಅದು ಸರ್ಕಾರದ ಕೈ. ಈಗ ಬರೀ ಕೈ."

ಬೋಲ್ಟು ತೆಗೆದು ಖಾಲಿಯಿದೆ ಅಂತ ಯಜಮಾನರೇ ತೋರಿಸಿದ ಮೇಲೆ ಬಗ್ಗಿ ನೋಡಿದರು. ಇದು 315 ಬೋರಿನ ರೈಫಲ್ಲು, ಪಶ್ಚಿಮ ಬಂಗಾಳದ ಈಶಾಪುರ ಕಾರ್ಖಾನೆಯದು ಅಂದರು. ಊರಿನವರು ಇದನ್ನು ಮಿಲಿಟರಿ ಕೋವಿ ಅನ್ನುವುದು ಪೂರ್ತಿ ಸುಳ್ಳಲ್ಲ. ಸೇನೆಯ ತ್ರೀ-ನಾಟ್-ತ್ರೀ ರೈಫಲ್ಲಿನ ಮೂಳೆಗೇ ಬೇರೆ ನಳಿಗೆ ಕೂಡಿಸಿ ಸಾರ್ವಜನಿಕರಿಗೆಂದು ಮಾಡಿದ್ದು ಇದು. ಸೇನೆಯ ತೋಟಾ ಕದ್ದು ತಂದರೂ ಇದಕ್ಕೆ ಕೂರಬಾರದು ಅನ್ನುವುದು ಬ್ರಿಟಿಷರ ಕಾಲದ ಲೆಕ್ಕಾಚಾರ.

ಆ ತ್ರೀ-ನಾಟ್-ತ್ರೀ ಕಥೆಯೂ ಕೇಳುವಂಥದ್ದೇ. 1907ರಲ್ಲಿ ಬ್ರಿಟಿಷ್ ಸೇನೆಗೆ ಬಂದ ಮಾದರಿ. ತೂಕ ಸುಮಾರು 4 ಕಿಲೋ, ಹೊಟ್ಟೆಯಲ್ಲಿ 10 ತೋಟಾ. ಎರಡು ಮಹಾಯುದ್ಧ ಕಂಡಿತು. 1962ರಲ್ಲಿ ಚೀನಾ ಗಡಿಯ ಹಿಮದಲ್ಲಿ ನಮ್ಮ ಯೋಧರು ಹಿಡಿದದ್ದೂ ಇದನ್ನೇ. ಆಮೇಲೆ ಸೇನೆಗೆ ಎಸ್.ಎಲ್.ಆರ್. ಬಂತು, ಹಳೆಯವು ಪೊಲೀಸು, ಗೃಹರಕ್ಷಕ ದಳ, ಎನ್.ಸಿ.ಸಿ. ಕಡೆಗೆ ಇಳಿದವು. 2008ರ ನವೆಂಬರ್ 26ರ ರಾತ್ರಿ ಮುಂಬಯಿ ರೈಲು ನಿಲ್ದಾಣದಲ್ಲಿ ಎ.ಕೆ. ರೈಫಲ್ ಹಿಡಿದ ಹಂತಕರ ಎದುರು ಪೊಲೀಸರ ಕೈಯಲ್ಲಿದ್ದದ್ದೂ ಇದೇ. ಉತ್ತರ ಪ್ರದೇಶದ ಪೊಲೀಸರು ಇದಕ್ಕೆ ಬೀಳ್ಕೊಡುಗೆ ಕೊಟ್ಟದ್ದು 2020ರ ಗಣರಾಜ್ಯೋತ್ಸವದ ಪೆರೇಡಿನಲ್ಲಿ.

ಇಂಗ್ಲೆಂಡು, ಅಮೆರಿಕಾ, ಆಸ್ಟ್ರೇಲಿಯಾಗಳಲ್ಲಿ ಸೇನೆ ಬಿಟ್ಟ ಇಂಥ ರೈಫಲ್ಲುಗಳನ್ನು ಜನ ಕೊಂಡು, ತಿದ್ದಿ ತೀಡಿ, ಪಂದ್ಯದಲ್ಲಿ ಗುರಿ ಹೊಡೆಯುತ್ತಾರೆ. ಕೆನಡಾದ ಹಿಮಸೀಮೆ ಕಾಯುವ ರೇಂಜರುಗಳು 1947ರಿಂದ ಎಪ್ಪತ್ತು ವರ್ಷ ಇದನ್ನೇ ಹೆಗಲಿಗೆ ಹಾಕಿಕೊಂಡು ತಿರುಗಿದರು. ನಮ್ಮಲ್ಲಿ ಹಾಗಲ್ಲ. ತ್ರೀ-ನಾಟ್-ತ್ರೀ ನಿಷಿದ್ಧ ಬೋರು, ಸಾಮಾನ್ಯ ಲೈಸೆನ್ಸಿಗೆ ಸಿಕ್ಕುವುದಿಲ್ಲ. ರೈತರ ಕೈಯಲ್ಲಿರುವುದು ಅದರ ದಾಯಾದಿ 315. ಆದರೆ ಕಾಯಿಲೆ ಎರಡಕ್ಕೂ ಒಂದೇ, ಮದ್ದೂ ಒಂದೇ.

ಮೊದಲು ಐದು ಗುಂಡು ಎಣಿಸಿ

"ಸೊಟ್ಟ ಹೊಡೀತದೆ ಅಂತೀರಲ್ಲ. ಒಂದೇ ಕಡೆ ಸೊಟ್ಟವೋ, ದಿನಕ್ಕೊಂದು ಕಡೆಯೋ?" ಅಂತ ಸಾಹೇಬರು ಕೇಳಿದರು. ಯಜಮಾನರು ತಲೆ ಕೆರೆದುಕೊಂಡರು.

ನನಗೆ ಎನ್.ಸಿ.ಸಿ. ನೆನಪಾಯಿತು. ಪಿಯುಸಿ ಅರ್ಧಕ್ಕೇ ಬಿಟ್ಟವನು ನಾನು. ಅಲ್ಲಿ ಕಲಿತದ್ದರಲ್ಲಿ ಇನ್ನೂ ತಲೆಯಲ್ಲಿ ಉಳಿದಿರುವುದು ಇದೊಂದೇ ಇರಬೇಕು. ಪಾಯಿಂಟ್ ಟೂ-ಟೂ ರೈಫಲ್ಲು, 25 ಗಜ ದೂರ, ಐದು ಗುಂಡು. ಉಸ್ತಾದರು ನಡುಮಧ್ಯೆ ಬಿತ್ತೋ ಇಲ್ಲವೋ ನೋಡುತ್ತಲೇ ಇರಲಿಲ್ಲ. ಐದೂ ತೂತು ಎಷ್ಟು ಹತ್ತಿರ ಹತ್ತಿರ ಇವೆ ಅಂತ ಅಳತೆಪಟ್ಟಿ ಹಿಡಿಯುತ್ತಿದ್ದರು. ಅದಕ್ಕೆ ಗ್ರೂಪಿಂಗ್ ಅನ್ನುತ್ತಾರೆ.

ಸಾಹೇಬರ ಮಾತೂ ಅದೇ. ಐದು ಗುಂಡು ಒಂದೇ ಕಡೆ ಗುಂಪಾಗಿ, ಆದರೆ ಎಡಕ್ಕೋ ಮೇಲಕ್ಕೋ ಬಿದ್ದರೆ ಕೋವಿ ಆರೋಗ್ಯವಾಗಿದೆ, ಗುರಿಮಣಿ ಮಾತ್ರ ಸರಿಸಬೇಕು. ಐದೂ ಐದು ದಿಕ್ಕಿಗೆ ಹೋದರೆ ಗುರಿಮಣಿ ಮುಟ್ಟುವುದು ದಂಡ. ಕಾಯಿಲೆ ಬೇರೆಲ್ಲೋ ಇದೆ. ಜ್ವರ ಇರುವವನಿಗೆ ಕನ್ನಡಕ ಬದಲಾಯಿಸಿದರೆ ಆಯಿತೇ?

ಈ ಪರೀಕ್ಷೆಯನ್ನೂ ಹೊಲದಲ್ಲಿ ಮಾಡುವ ಹಾಗಿಲ್ಲ. ಅನುಮತಿ ಇರುವ ರೇಂಜಿನಲ್ಲಿ, ಮರಳುಚೀಲಕ್ಕೆ ಆನಿಸಿ, ತಿಳಿದವರ ಎದುರೇ ಆಗಬೇಕು.

ಕಾಯಿಲೆ ಮರದಲ್ಲಿ

ಮೂಲೆಯಲ್ಲಿದ್ದ ಕೊಡೆ ತೆಗೆದು ಸಾಹೇಬರು ಪಾಠಕ್ಕೆ ಕೂತರು. ಕೊಡೆಯ ಕೋಲು ನಳಿಗೆ, ಅದರ ಸುತ್ತ ಮುಷ್ಟಿ ಹಿಡಿದರೆ ಅದು ಮರ.

ಗುಂಡು ಹಾರುವಾಗ ನಳಿಗೆ ವೀಣೆ ತಂತಿಯ ಹಾಗೆ ನಡುಗುತ್ತದೆ. ನಡುಗಲಿ, ತೊಂದರೆಯಿಲ್ಲ. ಪ್ರತಿಸಲವೂ ಒಂದೇ ರೀತಿ ನಡುಗಬೇಕು, ಅಷ್ಟೆ. ತ್ರೀ-ನಾಟ್-ತ್ರೀ ನಳಿಗೆಯನ್ನು ತುದಿಯವರೆಗೂ ಮರ ಅಪ್ಪಿಕೊಂಡಿರುತ್ತದೆ. ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಮನೆಯ ಬಾಗಿಲು ಶ್ರಾವಣದಲ್ಲಿ ಬಿಗಿಯಾಗಿ ಶಿವರಾತ್ರಿಗೆ ಸಡಿಲವಾಗುವುದಿಲ್ಲವೇ, ಹಾಗೆ. ಕುಗ್ಗಿದ ಮರ ಕಬ್ಬಿಣದ ಮೈಯನ್ನು ಹಿಂದೆ ಗಟ್ಟಿಯಾಗಿ ಒತ್ತುವುದಿಲ್ಲ. ಒದೆತಕ್ಕೆ ಮೈ ಒಂದು ಕೂದಲೆಳೆ ಜರುಗಿದರೂ ಸಾಕು, ಗುಂಡು ದಿನಕ್ಕೊಂದು ದಾರಿ ಹಿಡಿಯುತ್ತದೆ.

ಈಶಾಪುರದವರು ಇದನ್ನು ತಿಳಿದೇ ಮರ ಸೀಳದಂತೆ ಅಡ್ಡಡ್ಡ ಒಂದು ಸ್ಕ್ರೂ ಬಿಗಿದು ಕಳಿಸುತ್ತಿದ್ದರು. ಹಾಗೂ ಸಡಿಲವಾದರೆ ಮರ ಕೆತ್ತಿ ಹೊಸ ತುಂಡು ಕೂಡಿಸುವುದು, ತೆಳ್ಳನೆ ತಾಮ್ರದ ತಗಡು ಒತ್ತು ಕೊಡುವುದು ಆರ್ಮರರ್ ಕೆಲಸ. ದೊಡ್ಡ ಸ್ಕ್ರೂ ಬಿಗಿದರೆ ಮುಗಿಯಿತು ಅಂತ ಸ್ಪ್ಯಾನರು ಹಾಕಿ ತಿರುಗಿಸಿದವರು ಮರವನ್ನೇ ಸೀಳಿ ಇಟ್ಟಿದ್ದಾರೆ!

ಯಜಮಾನರ ಕೋವಿಯ ಮುಂದಿನ ಮರ ಬೆರಳಿಗೆ ಅಲ್ಲಾಡುತ್ತಿತ್ತು. "ಯಾಕೆ ಹಿಂಗಾಯ್ತು?" ಅಂದರೆ ಒಂದು ಚುನಾವಣೆಯಲ್ಲಿ ಠಾಣೆಗೆ ಒಪ್ಪಿಸಿದ್ದೆ, ತಿಂಗಳುಗಟ್ಟಲೆ ನೀರು ಜಿನುಗುವ ಗೋಡೆಗೆ ಒರಗಿಸಿಟ್ಟಿದ್ದರು ಅಂದರು. ಯಾವ ಠಾಣೆ ಅನ್ನುವುದು ಬೇಡ. 2017ರ ನಂಜನಗೂಡು ಉಪಚುನಾವಣೆಯಿಂದ ಎಣಿಸಿದರೂ ಎಷ್ಟು ಚುನಾವಣೆ ಬಂದು ಹೋದವು!

ಬಾಯಿ, ಮಣಿ, ತೋಟಾ

ಎರಡನೆಯದು ನಳಿಗೆಯ ಬಾಯಿ. ಗುಂಡು ಕೊನೆಯದಾಗಿ ಮುಟ್ಟಿ ಹೋಗುವುದು ಅದನ್ನೇ. ಒಂದು ಪಕ್ಕ ಸವೆದರೆ ಗುಂಡನ್ನು ಒಂದು ಪಕ್ಕಕ್ಕೆ ತಳ್ಳುತ್ತದೆ. ತಮಾಷೆಯೆಂದರೆ ಇದು ಹೊಡೆದು ಸವೆಯುವುದಕ್ಕಿಂತ ಒರೆಸಿ ಸವೆಯುವುದೇ ಹೆಚ್ಚು! ಪುಲ್‌ಥ್ರೂ ಹಗ್ಗಕ್ಕೆ ಚಿಂದಿ ಕಟ್ಟಿ ಓರೆಯಾಗಿ ಎಳೆದೆಳೆದು, ಬಾವಿಯ ಕಲ್ಲಿನ ಮೇಲೆ ಹಗ್ಗದ ಗಾಡಿ ಬಿದ್ದ ಹಾಗೆ ಬಾಯಲ್ಲಿ ಗಾಡಿ ಬೀಳುತ್ತದೆ. ಹಗ್ಗ ನೇರಕ್ಕೆ ಎಳೆಯಬೇಕು, ಅದೂ ತೋಟಾ ತುಂಬುವ ಕಡೆಯಿಂದ ಬಾಯಿಯ ಕಡೆಗೆ. ಸವೆದ ಬಾಯಿಗೆ ಅರ ಹಿಡಿದರೆ ಕೋವಿ ಮುಗಿಯಿತು ಅಂತಲೇ ಲೆಕ್ಕ.

ಮೂರನೆಯದು ತುಕ್ಕು. ಹಳೇ ಮಿಲಿಟರಿ ತೋಟಾದ ಕಿಡಿಮದ್ದು ಸುಟ್ಟ ಮೇಲೆ ನಳಿಗೆಯೊಳಗೆ ಒಂದು ಬಗೆಯ ಉಪ್ಪು ಉಳಿಯುತ್ತದೆ. ಉಪ್ಪು ಗಾಳಿಯ ತೇವ ಹೀರುತ್ತದೆ, ಎಣ್ಣೆಗೆ ಕರಗುವುದಿಲ್ಲ. ಅದಕ್ಕೇ ಹಿಂದಿನ ಸೈನಿಕರು ಮೊದಲು ಕುದಿಯುವ ನೀರು ಹೊಯ್ದು, ಒಣ ಚಿಂದಿ ಎಳೆದು, ಆಮೇಲೆ ಎಣ್ಣೆ ಸವರುತ್ತಿದ್ದರು. ಹಾಗಂತ ಎಣ್ಣೆ ಸುರಿಯುವಂತೆಯೂ ಇಡಬಾರದು. ಎಣ್ಣೆ ತುಂಬಿದ ನಳಿಗೆಯ ಮೊದಲ ಗುಂಡು ಬೇರೆ ಕಡೆಗೇ ಹೋಗುತ್ತದೆ.

ನಾಲ್ಕನೆಯದು ಗುರಿಮಣಿ. ಗುಂಡಿನ ಗುಂಪು ಎಡಕ್ಕೆ ಬಿದ್ದರೆ ಮುಂದಿನ ಮಣಿಯನ್ನೂ ಎಡಕ್ಕೇ ಸರಿಸಬೇಕು. ಕೇಳಲು ಉಲ್ಟಾ ಅನ್ನಿಸುತ್ತದೆ, ಆದರೆ ಶಾಸ್ತ್ರ ಹಾಗೆಯೇ. ಎಷ್ಟು ಸರಿಸಬೇಕು? ತ್ರೀ-ನಾಟ್-ತ್ರೀಯಲ್ಲಿ ಹಿಂದಿನ ಕಚ್ಚಿಗೂ ಮುಂದಿನ ಮಣಿಗೂ ಅರ್ಧ ಮೀಟರಿಗಿಂತ ತುಸು ಕಡಿಮೆ ದೂರ. ಹಾಗಾಗಿ ಮಣಿ ಒಂದೇ ಒಂದು ಮಿಲಿಮೀಟರ್ ಸರಿದರೆ 100 ಮೀಟರ್ ದೂರದಲ್ಲಿ ಗುಂಡು ಸುಮಾರು 20 ಸೆಂಟಿಮೀಟರ್ ಆಚೆ ಬೀಳುತ್ತದೆ. ಒಂದು ಗೇಣು! ಇಂಥ ಕಡೆ ವೆಲ್ಡಿಂಗ್ ಹೊಡೆಸುತ್ತೀರಾ ಯಜಮಾನ್ರೇ ಅಂತ ಸಾಹೇಬರು ಕೇಳಿದಾಗ ಯಜಮಾನರು ಟವೆಲಿನಿಂದ ಮುಖ ಒರೆಸಿಕೊಂಡರು.

ಐದನೆಯದು ತೋಟಾ. ಹಿಟ್ಟಿನ ಡಬ್ಬಿಯಲ್ಲಿ ಮೂರು ಕಾಲದ ತೋಟಾ ಕಲಸಿಟ್ಟುಕೊಂಡು ಕೋವಿಯನ್ನು ಬೈದರೆ ಪ್ರಯೋಜನವಿಲ್ಲ. ಒಂದೇ ಕಾರ್ಖಾನೆ, ಒಂದೇ ಲಾಟಿನ ತೋಟಾ ಆಗಬೇಕು. ಹಸಿರು ಹಿಡಿದದ್ದನ್ನು ಬಿಸಿಲಿಗೆ ಒಣಗಿಸಿ ಹೊಡೆಯುವ ಸಾಹಸ ಬೇಡವೇ ಬೇಡ. ಕುದುರೆ ಎಳೆದ ಮೇಲೂ ತೋಟಾ ಹಾರದಿದ್ದರೆ ಕೂಡಲೇ ಬೋಲ್ಟು ತೆಗೆಯಬಾರದು. ಬಾಯಿ ಮಣ್ಣಿನ ದಿಬ್ಬದ ಕಡೆಗೇ ಇರಲಿ, ಅರ್ಧ ನಿಮಿಷ ಕಾಯಬೇಕು. ತಡವಾಗಿ ಹಾರುವ ತೋಟಾಗಳೂ ಇವೆ.

ಬೋಲ್ಟಿನ ಮೇಲಿನ ನಂಬರೂ ಮೈಮೇಲಿನ ನಂಬರೂ ಹೊಂದುತ್ತವೆಯೇ ಅಂತಲೂ ಸಾಹೇಬರು ನೋಡಿಸಿದರು. ಬೇರೆ ಕೋವಿಯ ಬೋಲ್ಟು ಹಾಕಿಕೊಂಡರೆ ತೋಟಾದ ಹಿಂಬದಿಗೆ ಸರಿಯಾದ ಒತ್ತು ಸಿಕ್ಕದೆ ಹಿತ್ತಾಳೆ ಹರಿದು ಬಿಸಿಗಾಳಿ ಕಣ್ಣಿಗೇ ನುಗ್ಗಬಹುದು. ಯಜಮಾನರ ಪುಣ್ಯ, ಹೊಂದಿತು.

ಕೊನೆಯದು ಬೆರಳು. "ಕೋವಿ ಹತ್ತು ವರ್ಷ ಅಟ್ಟದಲ್ಲಿತ್ತು ಅಂತೀರಿ. ಹತ್ತು ವರ್ಷ ನಿಮ್ ಬೆರಳೂ ಅಟ್ಟದಲ್ಲೇ ಇತ್ತಲ್ಲ!" ಅಂದರು ಸಾಹೇಬರು. ಈ ಜಾತಿಯ ರೈಫಲ್ಲಿನ ಕುದುರೆ ಎರಡು ಹಂತ. ಮೊದಲು ಸಡಿಲ, ಆಮೇಲೆ ಬಿಗಿ. ಆ ಬಿಗಿಯಲ್ಲಿ ಉಸಿರು ಹಿಡಿದು ಮೆಲ್ಲಗೆ ಎಳೆಯಬೇಕು. ಬಿಗಿ ಜಾಸ್ತಿ ಅಂತ ಕುದುರೆಯ ಕಚ್ಚು ಉಜ್ಜಿಸಿದವರ ಕೋವಿ ನೆಲಕ್ಕೆ ಕುಕ್ಕಿದರೂ ಹಾರೀತು. ಪೊಲೀಸರು ಆಗಾಗ ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುವುದುಂಟು. ಲೈಸೆನ್ಸು ಇರುವವರು ಮೊದಲು ಅಲ್ಲಿಗೆ ಹೆಸರು ಕೊಡುವುದು ಮೇಲು.

ಲೇತಿನವನಿಗೂ ಜೈಲು

ಈಗ ಕಾನೂನು. ಅಂಗಡಿ ಇಟ್ಟುಕೊಂಡವರು ಇದನ್ನು ಎರಡು ಸಲ ಓದಿಕೊಳ್ಳಿ. 1959ರ ಆಯುಧ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಕೋವಿ ಮಾರಲು ಮಾತ್ರವಲ್ಲ, ರಿಪೇರಿ ಮಾಡಲೂ ಲೈಸೆನ್ಸು ಬೇಕು. ನಳಿಗೆ ಮೊಟಕು ಮಾಡುವುದು 6ನೇ ಸೆಕ್ಷನ್ನಿಗೆ ಬರುತ್ತದೆ. 2019ರ ತಿದ್ದುಪಡಿ ಆದ ಮೇಲೆ ಇದಕ್ಕೆಲ್ಲ ಕಡಿಮೆಯೆಂದರೆ 7 ವರ್ಷ ಸೆರೆ, ಹೆಚ್ಚೆಂದರೆ ಜೀವಾವಧಿ. ಇನ್ನೂರು ಮುನ್ನೂರು ರೂಪಾಯಿಯ ವೆಲ್ಡಿಂಗಿಗೆ ಏಳು ವರ್ಷ! ಕೋವಿ ತಂದವನ ಲೈಸೆನ್ಸು ಲೇತಿನವನನ್ನು ಕಾಯುವುದಿಲ್ಲ.

"ಕೊಡಗಲ್ಲಿ ಲೈಸೆನ್ಸೇ ಬೇಡ್ವಂತಲ್ಲಾ?" ಅಂತ ಯಜಮಾನರು ಕೊನೆಯ ಅಸ್ತ್ರ ಬಿಟ್ಟರು. ಅದು ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ. 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ, 2029ರವರೆಗೆ ಮುಂದುವರಿಸಿದ್ದಾರೆ. ಕಪಿಲಾ ತೀರದ ನಮಗೆ ಅದು ಬರುವುದಿಲ್ಲ.

ಇನ್ನೊಂದು ಮಾತು. ಬೆಳೆ ರಕ್ಷಣೆಗೆ ಅಂತ ಲೈಸೆನ್ಸು ಕೊಟ್ಟಿದ್ದಾರೆ ಅಂದ ಮಾತ್ರಕ್ಕೆ ಕಾಡುಪ್ರಾಣಿ ಹೊಡೆಯುವ ಹಕ್ಕು ಕೊಟ್ಟ ಹಾಗಲ್ಲ. 1972ರ ವನ್ಯಜೀವಿ ಕಾಯ್ದೆಯಲ್ಲಿ ಹಂದಿ ಹೊಡೆಯಲೂ ಅಧಿಕಾರವುಳ್ಳವರ ಲಿಖಿತ ಅಪ್ಪಣೆ ಬೇಕು. ಚಿರತೆ, ಹುಲಿಯಾದರೆ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರೇ ಹೇಳಬೇಕು, ಅದೂ ಬೇರೆ ಯಾವ ರೀತಿಯಲ್ಲೂ ಹಿಡಿಯಲು ಆಗದಿದ್ದಾಗ. ಮೈಮೇಲೆ ಬಿದ್ದಾಗ ಪ್ರಾಣ ಉಳಿಸಿಕೊಳ್ಳಲು ಹೊಡೆದರೆ ಕಾನೂನು ತಪ್ಪು ಅನ್ನುವುದಿಲ್ಲ. ಕತ್ತಲಲ್ಲಿ ಕಬ್ಬು ಅಲ್ಲಾಡಿತು ಅಂತ ಹೊಡೆದರೆ ಅನ್ನುತ್ತದೆ.

ಒಂದು ಶಿಬಿರ ಮಾಡಿ ಸ್ವಾಮಿ

ಯಜಮಾನರು ಆ ರಾತ್ರಿ ಕೋವಿ ವಾಪಸು ಊರಿಗೆ ಒಯ್ದರು. ಆಮೇಲೆ ಮೈಸೂರಿನಲ್ಲಿ ಲೈಸೆನ್ಸು ಇರುವ ಬಂದೂಕು ಅಂಗಡಿಗೆ ಕೊಟ್ಟು ರಸೀತಿ ಪಡೆದರು. ತಿಂಗಳ ಮೇಲೆ ಅದೇ ಬಸ್ ನಿಲ್ದಾಣದಲ್ಲಿ ಸಿಕ್ಕಿದರು. ನಳಿಗೆಗೆ ಸೊಟ್ಟ ಬಂದೇ ಇರಲಿಲ್ಲವಂತೆ! ಮರಕ್ಕೆ ಒತ್ತು ಕೊಟ್ಟು, ನಳಿಗೆ ತೊಳೆದು, ಮಣಿ ಸರಿಸಿ ಕೊಟ್ಟಿದ್ದಾರೆ. ರೇಂಜಿನಲ್ಲಿ ಐದು ಗುಂಡು ಅಂಗೈ ಅಗಲದಲ್ಲಿ ಬಿದ್ದವಂತೆ.

ಎಲ್ಲರಿಗೂ ದಾರಿಯಲ್ಲಿ ಪತ್ರಿಕೆಯವನು ಸಿಕ್ಕುವುದಿಲ್ಲ. ಆರ್ಮರರ್ ಸಾಹೇಬರಂಥವರು ಊರಿಗೊಬ್ಬರೂ ಉಳಿದಿಲ್ಲ. ಲೈಸೆನ್ಸು ಐದು ವರ್ಷಕ್ಕೊಮ್ಮೆ ನವೀಕರಣವಾಗುವಾಗ ಕಾಗದವನ್ನು ನೋಡುವಷ್ಟು ಜೋಪಾನವಾಗಿ ಕೋವಿಯನ್ನೂ ನೋಡಬೇಕಲ್ಲವೇ? ವರ್ಷಕ್ಕೊಂದು ದಿನ ನಂಜನಗೂಡಿನಲ್ಲಿ, ಒಂದು ದಿನ ಟಿ. ನರಸೀಪುರದಲ್ಲಿ ಪೊಲೀಸು ಇಲಾಖೆಯ ಆರ್ಮರರ್ ಒಬ್ಬರು ಮೇಜು ಹಾಕಿಕೊಂಡು ಕೂರಲಿ. ಹೊಡೆಯಲು ಯೋಗ್ಯ, ರಿಪೇರಿ ಬೇಕು, ಹೊಡೆಯಲೇಬಾರದು ಅಂತ ಮೂರು ಬಗೆಯ ಚೀಟಿ ಬರೆದು ಕೊಡಲಿ. ಚುನಾವಣೆಗೆ ಠಾಣೆಯಲ್ಲಿಡುವ ಕೋವಿಗೆ ಒಣಗಿದ ಒಂದು ಕೋಣೆ ಕೊಡಲಿ. ದೊಡ್ಡ ಖರ್ಚಿನ ಬಾಬತ್ತಲ್ಲ.

"ಅಂತೂ ಗುರಿ ಬಂತು. ಚಿರತೆ ಬಂದ್ರೆ ಹೊಡೀತೀರಾ?" ಅಂತ ಯಜಮಾನರನ್ನು ಕೇಳಿದೆ.

"ಅಯ್ಯೋ ಸ್ವಾಮಿ, ಅದು ಐದು ಗುಂಡು ಹೊಡೆಯೋಗಂಟ ನಿಂತ್ಕೊಂಡಿರ್ತದಾ? ಮಕ್ಕಳ ಒಳಕ್ಕೆ ಕರ್ಕೊಂಡು ಬಾಗಿಲಾಕ್ಕೊಂಡು ಅರಣ್ಯದೋರ ಸಾವಿರದೊಂಬೈನೂರ ಇಪ್ಪತ್ತಾರಕ್ಕೆ ಫೋನ್ ಮಾಡ್ತೀನಿ" ಅಂದರು.

ಕೋವಿ ಎಲ್ಲಿದೆ ಅಂದೆ. ಬೀರುವಿನಲ್ಲಿ ಬೀಗ ಹಾಕಿದೆ, ಬೋಲ್ಟು ಬೇರೆ ಕಡೆ, ತೋಟಾ ಬೇರೆ ಕಡೆ. ಬೀಗದಕೈ ಸೊಂಟದ ಉಡಿದಾರದಲ್ಲಿತ್ತು, ಎತ್ತಿ ತೋರಿಸಿದರು. ಅಷ್ಟರಲ್ಲಿ ಬಸ್ಸು ಬಂತು.